ಟಿಕೆಟ್‌ಗಿಂತ ಮೊದಲು ಆಸ್ಪತ್ರೆಯ ಪತ್ರ

ತೀರ್ಥಹಳ್ಳಿ, ಸಾಗರ, ಹೊಸನಗರದ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಅಪ್ಪನಿಗೆ ದೊಡ್ಡ ಕಾಯಿಲೆ ಎಂದು ಗೊತ್ತಾದ ರಾತ್ರಿ ಅಲ್ಲಿಂದ ಬರುವ ಮೊದಲ ಮಾತು, "ಇಲ್ಲಿಗೇ ಕರ್ಕೊಂಡು ಬನ್ನಿ, ಟಿಕೆಟ್ ನಾನು ಮಾಡ್ತೀನಿ." ಮಾತಿನ ಹಿಂದಿನ ಪ್ರೀತಿ ದೊಡ್ಡದು, ಆದರೆ ಟಿಕೆಟ್ಟು ಈ ಕೆಲಸದ ಕೊನೆಗೆ ಬರಬೇಕಾದ್ದು. ಮೊದಲು ಬೇಕಾದ್ದು ಆ ದೇಶದ ಆಸ್ಪತ್ರೆ ಕೊಡುವ ಒಂದು ಪತ್ರ. ಈ ರೋಗಿಯನ್ನು ತೆಗೆದುಕೊಳ್ಳಲು ಒಪ್ಪಿದ್ದೇವೆ, ಈ ಚಿಕಿತ್ಸೆ ಕೊಡುತ್ತೇವೆ, ಇಷ್ಟು ವಾರ ಬೇಕು, ಇಷ್ಟು ಖರ್ಚು ಬರುತ್ತದೆ ಎಂಬ ನಾಲ್ಕು ಸಂಗತಿ ಅದರಲ್ಲಿರಬೇಕು. ವೀಸಾ ಅಧಿಕಾರಿ ಕೇಳುವುದು ಅದನ್ನೇ. ಹಣ ಕಳಿಸಲು ಬ್ಯಾಂಕು ನೋಡುವುದೂ ಅದನ್ನೇ. ಎಷ್ಟು ದಿನಕ್ಕೆ ಮನೆ ಬಾಡಿಗೆ ಹಿಡಿಯಬೇಕು, ತೋಟ ಯಾರಿಗೆ ವಹಿಸಬೇಕು ಎನ್ನುವುದೂ ಅದರಿಂದಲೇ ತೀರ್ಮಾನವಾಗುತ್ತದೆ.

ಹೋಗಲೇಬೇಕೇ?

ಬೈಪಾಸ್, ಕವಾಟ ಬದಲಾವಣೆ, ಕಿಡ್ನಿ ಕಸಿ, ಮಂಡಿ ಶಸ್ತ್ರಚಿಕಿತ್ಸೆ, ಮಾಮೂಲಿ ಕಿಮೊ, ರೇಡಿಯೇಶನ್, ಇವಕ್ಕೆಲ್ಲ ಕರ್ನಾಟಕ ದಾಟುವ ಅಗತ್ಯ ಬಹುಪಾಲು ಇಲ್ಲ. ಜಯದೇವ, ಕಿದ್ವಾಯಿ, ನಿಮ್ಹಾನ್ಸ್, ಮಣಿಪಾಲ ಇವೆಲ್ಲ ಒಂದು ದಿನದ ದಾರಿಯೊಳಗಿವೆ. "ಇಂಡಿಯಾದಲ್ಲಿ ಇಲ್ಲ" ಎಂದು ಹತ್ತು ವರ್ಷದ ಹಿಂದೆ ಹೇಳುತ್ತಿದ್ದ ಕೆಲವು ಚಿಕಿತ್ಸೆಗಳೂ ಈಗ ಇಲ್ಲಿಗೆ ಬಂದಿವೆ. ಕ್ಯಾನ್ಸರ್ ಗಡ್ಡೆಗೆ ಕೊಡುವ ವಿಶೇಷ ರೇಡಿಯೇಶನ್ ಆದ ಪ್ರೋಟಾನ್ ಚಿಕಿತ್ಸೆ ಚೆನ್ನೈನಲ್ಲಿ 2019ರಿಂದ ಇದೆ. ಟಾಟಾ ಸ್ಮಾರಕ ಕೇಂದ್ರದ ನವಿ ಮುಂಬೈ ಘಟಕದಲ್ಲಿ 2023ರಲ್ಲಿ ಶುರುವಾಯಿತು. ರಕ್ತದ ಕೆಲವು ಕ್ಯಾನ್ಸರ್‌ಗಳಿಗೆ ರೋಗಿಯ ಜೀವಕೋಶಗಳನ್ನೇ ತಿದ್ದಿ ಮತ್ತೆ ಮೈಗೆ ಹಾಕುವ ಕಾರ್-ಟಿ ಚಿಕಿತ್ಸೆಯ ದೇಶೀ ರೂಪಕ್ಕೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅಮೆರಿಕದಲ್ಲಿ ಇದರ ಮೊದಲ ಔಷಧ 2017ರಲ್ಲಿ ಬಂದಾಗ ಅದೊಂದರದ್ದೇ ಬೆಲೆ 4,75,000 ಡಾಲರ್, ಆಸ್ಪತ್ರೆಯ ಬಿಲ್ಲು ಬೇರೆ. ಇಲ್ಲಿ ಅದರ ಹತ್ತನೇ ಒಂದು ಭಾಗದ ಆಸುಪಾಸು.

ನಿಜಕ್ಕೂ ಇಲ್ಲಿ ಇಲ್ಲದ್ದಕ್ಕೆ ಒಂದು ಉದಾಹರಣೆ ಕಾರ್ಬನ್ ಅಯಾನ್ ಚಿಕಿತ್ಸೆ, ಅದೂ ರೇಡಿಯೇಶನ್‌ನ ಇನ್ನೊಂದು ಬಗೆ. ಅದಕ್ಕೆ ಜಪಾನ್, ಜರ್ಮನಿ, ಇಟಲಿ, ಆಸ್ಟ್ರಿಯಾದಂಥ ಕಡೆ ಹೋಗಬೇಕು. ಇನ್ನೊಂದು, ಅಲ್ಲಿ ಮಾತ್ರ ನಡೆಯುತ್ತಿರುವ ಔಷಧ ಪ್ರಯೋಗ. ಪ್ರಯೋಗದಲ್ಲಿ ಔಷಧ ಪುಕ್ಕಟೆ ಸಿಕ್ಕರೂ ಸ್ಕ್ಯಾನು, ವಾಸ, ಓಡಾಟ ಪುಕ್ಕಟೆ ಎಂದೇನಿಲ್ಲ. ಒಂದೊಂದನ್ನೂ ಬಿಡಿಸಿ ಕೇಳಿ.

ಔಷಧ ಮಾತ್ರ ಇಲ್ಲಿ ಸಿಗದಿದ್ದರೆ ರೋಗಿ ಹೋಗುವ ಬದಲು ಔಷಧವನ್ನೇ ತರಿಸುವ ದಾರಿಯೂ ಇದೆ. ವೈದ್ಯರ ಚೀಟಿ ಲಗತ್ತಿಸಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಗೆ ಫಾರಂ 12ಎ ಅರ್ಜಿ ಹಾಕಿದರೆ, ಸ್ವಂತ ಬಳಕೆಗೆ ಆಮದು ಮಾಡಿಕೊಳ್ಳುವ ಪರವಾನಗಿ 12ಬಿ ಸಿಗುತ್ತದೆ. ತುಂಬ ಜನಕ್ಕೆ ಇದರ ಸುದ್ದಿಯೇ ಇಲ್ಲ.

"ಮಗ ಅಲ್ಲಿದ್ದಾನೆ" ಎನ್ನುವುದೊಂದೇ ಕಾರಣವಾಗಿದ್ದರೆ ಲೆಕ್ಕ ತಿರುಗಿಸಿ ಹಾಕಿ ನೋಡಿ. ವಿಮೆಯಿಲ್ಲದ ಸಂದರ್ಶಕರಿಗೆ ಅಮೆರಿಕದ ಆಸ್ಪತ್ರೆ ಹಾಕುವ ಬಿಲ್ಲಿನ ಮುಂದೆ, ಮಗ ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಬೆಂಗಳೂರಿಗೆ ಬಂದು ಕೂರುವುದೇ ಅಗ್ಗ. ಅಪ್ಪನಿಗೂ ಊಟ, ಮಾತು, ಹವೆ ಒಗ್ಗುತ್ತದೆ.

ಕಳಿಸುವ ಕಡತ

ಆ ಪತ್ರ ಬರಬೇಕಾದರೆ ಇಲ್ಲಿಂದ ಹೋಗುವ ಕಡತ ಸರಿಯಿರಬೇಕು. ಹೆಚ್ಚಿನವರು ಸ್ಕ್ಯಾನ್ ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸಾಪ್ ಮಾಡುತ್ತಾರೆ. ಅದರಿಂದ ಅಲ್ಲಿನ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಬೇಕಾದ್ದು ಡೈಕಾಂ ರೂಪದ ಮೂಲ ಫೈಲುಗಳು. ಸ್ಕ್ಯಾನ್ ಮಾಡಿದ ಕಡೆ ಸಿ.ಡಿ. ಅಥವಾ ಪೆನ್‌ಡ್ರೈವಿಗೆ ಹಾಕಿಕೊಡಿ ಎಂದರೆ ಕೊಡುತ್ತಾರೆ. ಒಂದು ಸಿ.ಟಿ. ನೂರಾರು ಎಂ.ಬಿ. ಇರುತ್ತದೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಇಲ್ಲದ ಊರಿನಲ್ಲಿ ಕೂತು ಅಪ್‌ಲೋಡ್ ಮಾಡುತ್ತೇನೆಂದು ಎರಡು ದಿನ ಕಳೆಯುವ ಬದಲು ಶಿವಮೊಗ್ಗಕ್ಕೆ ಹೋಗಿ ಒಂದು ಗಂಟೆಯಲ್ಲಿ ಮುಗಿಸಿ.

ಕ್ಯಾನ್ಸರ್ ಆದರೆ ಬಯಾಪ್ಸಿ ವರದಿಯ ಜೊತೆಗೆ ಮೂಲ ತುಣುಕೂ ಬೇಕು. ತೆಗೆದ ಮಾಂಸದ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ, ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಪೆಥಾಲಜಿ ವಿಭಾಗಕ್ಕೆ ಅರ್ಜಿ ಬರೆದುಕೊಟ್ಟರೆ ಬ್ಲಾಕನ್ನೂ ಬಣ್ಣ ಹಾಕದ ಸ್ಲೈಡುಗಳನ್ನೂ ಕೊಡುತ್ತಾರೆ. ಎರಡು ಬ್ಲಾಕ್ ಇದ್ದರೆ ಒಂದನ್ನು ಇಲ್ಲೇ ಉಳಿಸಿ, ಕೊರಿಯರಿನಲ್ಲಿ ಕಳೆದುಹೋದರೆ ಮತ್ತೆ ಸೂಜಿ ಚುಚ್ಚಬೇಕಾಗುತ್ತದೆ. ಆ ಮೇಣ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಹಾಗಾಗಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ.

ಇದೆಲ್ಲದರ ಮೇಲೆ ಒಂದೇ ಪುಟದ ಸಾರಾಂಶ ಇರಲಿ. ಕಾಯಿಲೆಯ ಹೆಸರು, ಗೊತ್ತಾದ ತಾರೀಖು, ಈವರೆಗಿನ ಚಿಕಿತ್ಸೆ, ಅಲರ್ಜಿ, ರಕ್ತದ ಗುಂಪು, ಮೈಯೊಳಗಿರುವ ಸ್ಟೆಂಟು, ರಾಡು, ಪೇಸ್‌ಮೇಕರ್. ಮಾತ್ರೆಗಳನ್ನು ಕಂಪನಿ ಹೆಸರಿನಲ್ಲಿ ಬರೆಯಬೇಡಿ, ಮೂಲ ಔಷಧದ ಹೆಸರು ಮತ್ತು ಮಿಲಿಗ್ರಾಂ ಬರೆಯಿರಿ. ಡೋಲೊ ಎಂದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಪ್ಯಾರಾಸಿಟಮಾಲ್‌ಗೆ ಅಮೆರಿಕದಲ್ಲಿ ಅಸಿಟಮಿನೋಫೆನ್ ಎನ್ನುತ್ತಾರೆ.

ನಾಟಿ ಮದ್ದಿನ ವಿಷಯ ಮುಚ್ಚಿಡುವವರೇ ಹೆಚ್ಚು. ಆನಂದಪುರದ ಹತ್ತಿರದ ನರಸೀಪುರದಿಂದ ತಂದ ತೊಗಟೆಯ ಕಷಾಯವಿರಲಿ, ಹಿತ್ತಲಿನ ಅಮೃತಬಳ್ಳಿ ಇರಲಿ, ಭಸ್ಮವಿರಲಿ, ಏನು, ಎಷ್ಟು ದಿನ, ಯಾವಾಗ ನಿಲ್ಲಿಸಿದ್ದು ಎಂದು ಬರೆಯಿರಿ. ಅಮೃತಬಳ್ಳಿಯಿಂದ ಕೆಲವರಿಗೆ ಯಕೃತ್ತಿಗೆ ಪೆಟ್ಟಾದದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ ಇರುತ್ತದೆ. ಇದು ಗೊತ್ತಿಲ್ಲದ ವೈದ್ಯರು ಏರಿದ ಲಿವರ್ ಅಂಕಿಗೆ ಕಾರಣ ಹುಡುಕುತ್ತ ವಾರಗಟ್ಟಲೆ ಪರೀಕ್ಷೆ ಮಾಡಿಸುತ್ತಾರೆ, ಅದರ ಬಿಲ್ಲು ನಿಮ್ಮದು.

ಮಲೆನಾಡಿನವರು ಸೇರಿಸಬೇಕಾದ ಇನ್ನೊಂದು ಸಾಲಿದೆ. ಬರಿಗಾಲಲ್ಲಿ ಹಸಿ ಮಣ್ಣಿನ ತೋಟದಲ್ಲಿ ದುಡಿದವರ ಕರುಳಿನಲ್ಲಿ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ವರ್ಷಗಟ್ಟಲೆ ತೊಂದರೆ ಕೊಡದೆ ಇರಬಹುದು. ಕಸಿಗೋ ಕ್ಯಾನ್ಸರಿಗೋ ಸ್ಟೀರಾಯ್ಡ್ ಕೊಟ್ಟು ರೋಗನಿರೋಧಕ ಶಕ್ತಿ ತಗ್ಗಿಸಿದಾಗ ಅದು ಮೈಯೆಲ್ಲ ಹರಡಿ ಪ್ರಾಣಕ್ಕೇ ಕುತ್ತು ತರಬಹುದು. ತಂಪು ದೇಶದ ವೈದ್ಯರಿಗೆ ಇದು ತಟ್ಟನೆ ಹೊಳೆಯದೆ ಹೋಗಬಹುದು. "ಕೃಷಿಕ, ಬರಿಗಾಲಲ್ಲಿ ತೋಟದ ಕೆಲಸ" ಎಂದು ಬರೆದು ಈ ಪರೀಕ್ಷೆ ಬೇಕೇ ಎಂದು ನೀವೇ ಕೇಳಿ. ಹಿಂದೆ ಟಿ.ಬಿ. ಆಗಿದ್ದರೆ ಅದನ್ನೂ ಬರೆಯಿರಿ.

ಇನ್ನು ಹೆಸರು. ಪಾಸ್‌ಪೋರ್ಟಿನಲ್ಲಿ ಬರೀ ಮಂಜಪ್ಪ, ಆಧಾರಿನಲ್ಲಿ ಮಂಜಪ್ಪ ಗೌಡ ಕೆ.ಟಿ., ಆಸ್ಪತ್ರೆ ಚೀಟಿಯಲ್ಲಿ ಮಂಜುನಾಥ. ನಮಗೆ ಮೂವರೂ ಒಬ್ಬರೇ, ವೀಸಾ ಕಚೇರಿಗೆ ಮೂರು ಜನ. ಹುಟ್ಟಿದ ದಿನವೂ ಅಷ್ಟೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಒಂದು ಕಡೆ, ಅಂದಾಜಿನ ವರ್ಷ ಇನ್ನೊಂದು ಕಡೆ. ಮುಂದಿನ ಎಲ್ಲ ಪರೀಕ್ಷೆಗಳನ್ನು ಪಾಸ್‌ಪೋರ್ಟಿನ ಅಕ್ಷರದಲ್ಲೇ ನೋಂದಾಯಿಸಿ, ಹಳೆಯ ಮುಖ್ಯ ವರದಿಗಳಿಗೆ ಆಸ್ಪತ್ರೆಯಿಂದಲೇ ತಿದ್ದುಪಡಿ ಪತ್ರ ತನ್ನಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಮನೆತನದ ಹೆಸರಿನ ಜಾಗ ಖಾಲಿಯಿದ್ದರೆ ಯುಎಇ ಸಂದರ್ಶಕ ವೀಸಾಕ್ಕೆ 2022ರ ನವೆಂಬರ್‌ನಿಂದ ತೊಡಕಿದೆ. ದುಬೈ ದಾರಿಯಲ್ಲಿ ಇಳಿದು ಒಂದು ದಿನ ಉಳಿಯುವ ಯೋಚನೆಯಿದ್ದವರು ಗಮನಿಸಿ. ಹೊಸ ಪಾಸ್‌ಪೋರ್ಟಿಗೆ ಶಿವಮೊಗ್ಗದ ಅಂಚೆ ಕಚೇರಿಯ ಸೇವಾ ಕೇಂದ್ರದಲ್ಲೇ ಹೆಬ್ಬೆಟ್ಟು ಕೊಡಬಹುದು. 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ಜೊತೆಗೆ ಹೋಗುವವರ ಪಾಸ್‌ಪೋರ್ಟಿನ ಅವಧಿಯನ್ನೂ ಅದೇ ದಿನ ನೋಡಿ, ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಎಷ್ಟೋ ದೇಶಗಳು ಒಳಗೆ ಬಿಡುವುದಿಲ್ಲ.

ಅಂದಾಜು ಪಟ್ಟಿಯನ್ನು ಓದುವುದು

ಪತ್ರ ಬಂದಾಗ ಎಲ್ಲರ ಕಣ್ಣು ಕೆಳಗಿನ ಮೊತ್ತಕ್ಕೆ ಹೋಗುತ್ತದೆ. ಹೋಗಬೇಕಾದ್ದು "ಇದರಲ್ಲಿ ಸೇರಿಲ್ಲ" ಎಂಬ ಸಣ್ಣ ಅಕ್ಷರಕ್ಕೆ. ಐ.ಸಿ.ಯು. ಎಷ್ಟು ದಿನದ್ದು ಸೇರಿದೆ? ಅದಕ್ಕಿಂತ ಒಂದು ದಿನ ಹೆಚ್ಚಾದರೆ ದಿನಕ್ಕೆ ಎಷ್ಟು? ರಕ್ತ, ಕವಾಟ ಅಥವಾ ರಾಡು, ಅರಿವಳಿಕೆ ವೈದ್ಯರ ಫೀಸು, ಬಯಾಪ್ಸಿಯ ಮರುಪರೀಕ್ಷೆ, ದುಭಾಷಿ, ಮನೆಗೆ ಹೋಗುವಾಗ ಕೊಡುವ ಔಷಧ ಒಳಗೋ ಹೊರಗೋ? ಸೋಂಕಾಗಿ ಮತ್ತೆ ಥಿಯೇಟರಿಗೆ ಹೋಗಬೇಕಾದರೆ ಯಾರ ಲೆಕ್ಕ? ಮುಂಗಡ ಉಳಿದರೆ ಎಷ್ಟು ದಿನದಲ್ಲಿ, ಯಾರ ಖಾತೆಗೆ ವಾಪಸು? ಈ ಪ್ರಶ್ನೆಗಳಿಗೆ ಇಮೇಲಿನಲ್ಲೇ ಉತ್ತರ ತರಿಸಿ. ಫೋನಿನಲ್ಲಿ ಹೇಳಿದ್ದು ಬಿಲ್ಲಿನ ಕೌಂಟರಿನಲ್ಲಿ ನಿಲ್ಲುವುದಿಲ್ಲ. ನಮ್ಮ ಸಲಹೆ, ಅಂದಾಜಿನ ಮೇಲೆ ಮೂರರಲ್ಲಿ ಒಂದು ಭಾಗವಾದರೂ ಕೈಯಲ್ಲಿರದೆ ಹೊರಡಬೇಡಿ. ಅರ್ಧದಲ್ಲಿ ಹಣ ಮುಗಿದರೆ ಚಿಕಿತ್ಸೆ ನಡುವೆ ರೋಗಿಯನ್ನು ವಾಪಸು ತರುವುದು ಹೋಗುವುದಕ್ಕಿಂತ ಹತ್ತು ಪಟ್ಟು ಕಷ್ಟ.

ಈಗ ವೀಸಾ. ಚಿಕಿತ್ಸೆಗೆ ಹೋಗುತ್ತಿದ್ದು "ಮಗನ ಮನೆ ನೋಡಲು" ಎಂದು ಹೇಳಬೇಡಿ. ಸಿಕ್ಕಿಬಿದ್ದರೆ ಆ ದೇಶದ ಬಾಗಿಲು ಮುಚ್ಚಿದಂತೆ, ಮುಂದಿನ ಅರ್ಜಿಗಳಿಗೂ ಕಲೆ. ಅಮೆರಿಕಕ್ಕೆ ಸಂದರ್ಶಕರಿಗೆ ಕೊಡುವ ಬಿ-2 ವೀಸಾದಲ್ಲೇ ಚಿಕಿತ್ಸೆಗೆ ಅವಕಾಶವಿದೆ. ಕಾಯಿಲೆ ಏನು, ಅಲ್ಲೇ ಏಕೆ ಎಂದು ಇಲ್ಲಿನ ವೈದ್ಯರ ಪತ್ರ, ಅಲ್ಲಿನ ಆಸ್ಪತ್ರೆಯ ಒಪ್ಪಿಗೆ ಮತ್ತು ಅಂದಾಜು, ಹಣದ ಪುರಾವೆ ಈ ಮೂರನ್ನೂ ಕೇಳಬಹುದು. ಬ್ರಿಟನ್ನಿನ ಸಂದರ್ಶಕ ವೀಸಾ ಸಾಮಾನ್ಯವಾಗಿ ಆರು ತಿಂಗಳು, ಖಾಸಗಿ ಚಿಕಿತ್ಸೆಗೆ 11 ತಿಂಗಳಿನದೂ ಇದೆ. ಆರು ತಿಂಗಳು ದಾಟುವವರು ಟಿ.ಬಿ. ಇಲ್ಲವೆಂಬ ಪ್ರಮಾಣಪತ್ರ ತೋರಿಸಬೇಕು. ಅಲ್ಲಿನ ಸರ್ಕಾರಿ ಆಸ್ಪತ್ರೆ ಸಂದರ್ಶಕರಿಗೆ ನಿಗದಿತ ದರದ ಶೇ. 150 ಹಾಕುತ್ತದೆ, ಬಾಕಿ ಉಳಿಸಿದರೆ ಮುಂದಿನ ವೀಸಾಕ್ಕೆ ಕುತ್ತು. ಒಂದೇ ವೀಸಾದಲ್ಲಿ ಓಡಾಡಬಹುದಾದ ಜರ್ಮನಿಯಂಥ ಯುರೋಪಿನ ಷೆಂಗೆನ್ ದೇಶಗಳ ಚಿಕ್ಕ ವೀಸಾದಲ್ಲಿ 180 ದಿನಗಳೊಳಗೆ 90 ದಿನ ಮಾತ್ರ. ರೇಡಿಯೇಶನ್ ಆಗಿ ಮತ್ತೆ ಕಿಮೊ ಎಂದರೆ ಅಷ್ಟು ಸಾಲದು, ದೀರ್ಘಾವಧಿ ವೀಸಾಕ್ಕೇ ಮೊದಲೇ ಅರ್ಜಿ ಹಾಕಬೇಕು. ಅದಕ್ಕೇ ಪತ್ರದಲ್ಲಿ ವಾರಗಳ ಲೆಕ್ಕ ಸ್ಪಷ್ಟವಿರಬೇಕೆನ್ನುವುದು.

ಹಣದ ಪುರಾವೆಯಲ್ಲಿ ಅಡಿಕೆ ಬೆಳೆಗಾರರು ಎಡವುತ್ತಾರೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಆದ್ದರಿಂದ ರಿಟರ್ನ್ಸೂ ಇಲ್ಲ. ಅದರ ಬದಲು ಪಹಣಿ, ಮ್ಯಾಮ್ಕೋಸ್ ಅಥವಾ ನಿಮ್ಮ ಸೊಸೈಟಿಯ ಎರಡು ಮೂರು ವರ್ಷದ ಅಡಿಕೆ ಮಾರಾಟದ ಬಿಲ್ಲು, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಲೆಕ್ಕಪರಿಶೋಧಕರಿಂದ ಆಸ್ತಿ ಪಟ್ಟಿ ಜೋಡಿಸಿ. ಸಂದರ್ಶನದ ಹಿಂದಿನ ವಾರ ಖಾತೆಗೆ ಮೂವತ್ತು ಲಕ್ಷ ಒಮ್ಮೆಲೇ ಬಂದು ಬಿದ್ದರೆ ಅದು ಎಲ್ಲಿಂದ ಬಂತೆಂಬ ಕಾಗದ ಜೊತೆಯಲ್ಲೇ ಇರಲಿ.

ಹಣ ಸಮುದ್ರ ದಾಟುವ ದಾರಿ

ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಹೊರಗೆ ಕಳಿಸಬಹುದು. ಚಿಕಿತ್ಸೆಗೆ ಅದಕ್ಕಿಂತ ಹೆಚ್ಚು ಬೇಕಾದರೆ ಆಸ್ಪತ್ರೆಯ ಅಂದಾಜಿನ ಆಧಾರದ ಮೇಲೆ ಬ್ಯಾಂಕು ಮೀರಿಯೂ ಕಳಿಸಬಹುದು. ಮತ್ತೆ ಅದೇ ಪತ್ರ.

ಬ್ಯಾಂಕು ಕಳಿಸುವಾಗಲೇ ತೆರಿಗೆ ಹಿಡಿಯುತ್ತದೆ, ಟಿ.ಸಿ.ಎಸ್. ಎನ್ನುತ್ತಾರೆ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಏನೂ ಇಲ್ಲ. ಆ ಆರ್ಥಿಕ ವರ್ಷದಲ್ಲಿ ಮೇಲಿನ ಭಾಗಕ್ಕೆ ಚಿಕಿತ್ಸೆಯಾದರೆ ಶೇ. 5, ಬೇರೆ ಉದ್ದೇಶವಾದರೆ ಶೇ. 20 ಇತ್ತು. ದರ ಬಜೆಟ್‌ಗೊಮ್ಮೆ ಬದಲಾಗುವಂಥದು, ಕಳಿಸುವ ದಿನದ್ದನ್ನು ಬ್ಯಾಂಕಿನಲ್ಲೇ ಕೇಳಿ. ವ್ಯತ್ಯಾಸ ಎಷ್ಟೆಂದರೆ, 40 ಲಕ್ಷ ಕಳಿಸುವಾಗ ಹೆಚ್ಚುವರಿ 30 ಲಕ್ಷಕ್ಕೆ ಶೇ. 5ರಂತೆ ಒಂದೂವರೆ ಲಕ್ಷ, ಶೇ. 20ರಂತೆ ಆರು ಲಕ್ಷ. ಹೊರಗೆ ಹಣ ಕಳಿಸಲು ತುಂಬುವ ಫಾರಂ ಎ2ರಲ್ಲಿ ಉದ್ದೇಶದ ಸಂಕೇತ ತಪ್ಪಿ ಬರೆದರೆ ಈ ಪೆಟ್ಟು ಬೀಳುತ್ತದೆ. ಚಿಕಿತ್ಸೆಗಾಗಿ ಪ್ರಯಾಣಕ್ಕೆ ಇರುವ ಸಂಕೇತ ಎಸ್0304. ಗುಮಾಸ್ತರು ತುಂಬಿದ ಫಾರಂ ಓದಿಯೇ ಸಹಿ ಹಾಕಿ. ಹಿಡಿದ ಹಣ ಹೋಗಿಬಿಡುವುದಿಲ್ಲ, ರಿಟರ್ನ್ಸ್ ಸಲ್ಲಿಸಿದರೆ ವಾಪಸು ಬರುತ್ತದೆ. ಇಲ್ಲಿಯವರೆಗೆ ರಿಟರ್ನ್ಸ್ ಹಾಕದ ತೋಟದ ಮಾಲೀಕರೂ ಆ ವರ್ಷ ಹಾಕಲೇಬೇಕು, ಇಲ್ಲದಿದ್ದರೆ ಅದು ಸರ್ಕಾರಕ್ಕೆ ದಾನ.

ತಾಲ್ಲೂಕಿನ ಎಷ್ಟೋ ಶಾಖೆಗಳಲ್ಲಿ ವಿದೇಶಿ ವಿನಿಮಯದ ಅಧಿಕಾರ ಇರುವುದಿಲ್ಲ. ಕಾಗದ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಿ ಬರಬೇಕು, ಮೊದಲ ಸಲಕ್ಕೆ ಹತ್ತು ದಿನ ಇಟ್ಟುಕೊಳ್ಳಿ. ಮಧ್ಯದ ಬ್ಯಾಂಕುಗಳ ಶುಲ್ಕ ಯಾರದ್ದೆಂದು ಕೇಳುವಾಗ "ಕಳಿಸುವವರದ್ದು" ಎಂದೇ ಹೇಳಿ. ಇಲ್ಲವಾದರೆ ಆಸ್ಪತ್ರೆಗೆ ಕೆಲವು ಡಾಲರ್ ಕಡಿಮೆ ಮುಟ್ಟಿ, ಆ ಚಿಲ್ಲರೆಗಾಗಿ ದಾಖಲಾತಿ ನಿಲ್ಲುತ್ತದೆ. ಅಪ್ಪನ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸುವ ಜಂಟಿ ಖಾತೆ ಮಾಡಿಸಿ, ಅವರು ಐ.ಸಿ.ಯು.ನಲ್ಲಿರುವಾಗ ಚೆಕ್ಕಿಗೆ ಸಹಿ ಹಾಕಲಾಗದು. ಖಾತೆಗೆ ಜೋಡಿಸಿದ ಸಿಮ್ಮಿಗೆ ರೋಮಿಂಗ್ ಹಾಕಿಸಿಯೇ ಹೊರಡಿ, ಒ.ಟಿ.ಪಿ. ಬಾರದೆ ಹಣವಿದ್ದೂ ಇಲ್ಲದಂತಾಗುವುದು ತೀರ ಸಾಮಾನ್ಯ.

ವಿಮೆಯ ಬಗ್ಗೆ ಎರಡೇ ಮಾತು. ಆಯುಷ್ಮಾನ್ ಕಾರ್ಡು ದೇಶದ ಹೊರಗೆ ನಡೆಯದು, ಮಾಮೂಲಿ ಆರೋಗ್ಯ ವಿಮೆಯೂ ಬಹುಪಾಲು ಅಷ್ಟೆ. ಪ್ರಯಾಣ ವಿಮೆ ಮೊದಲೇ ಗೊತ್ತಿದ್ದ ಕಾಯಿಲೆಗೆ, ಅದರಲ್ಲೂ ಚಿಕಿತ್ಸೆಗೆಂದೇ ಹೋದವರಿಗೆ ಕೊಡುವುದಿಲ್ಲ. ಷೆಂಗೆನ್ ವೀಸಾಕ್ಕೆ ಕೇಳುವ 30,000 ಯೂರೊ ವಿಮೆ ಬೇರೆ ತುರ್ತಿಗೆ. ಜೊತೆಗೆ ಹೋಗುವವರಿಗೆ ಮಾತ್ರ ಪ್ರಯಾಣ ವಿಮೆ ತಪ್ಪದೆ ಮಾಡಿಸಿ.

ವಿಮಾನದೊಳಗೆ

ಹಾರುವ ವಿಮಾನದ ಒಳಗಿನ ಗಾಳಿ ನೆಲದ ಮೇಲಿನಷ್ಟು ದಟ್ಟವಲ್ಲ. ಸುಮಾರು 2,400 ಮೀಟರ್ ಎತ್ತರದಲ್ಲಿ ಇರುವಷ್ಟು ತೆಳುವಾಗಬಹುದು. ನಮ್ಮ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ. ಅಂದರೆ ಅಪ್ಪನನ್ನು ಮುಳ್ಳಯ್ಯನಗಿರಿಗಿಂತ ಎತ್ತರದ ಗುಡ್ಡದ ಮೇಲೆ ಹತ್ತು ತಾಸು ಕೂರಿಸಿದ ಹಾಗೆ. ಆರೋಗ್ಯವಂತರಿಗೇ ಆಮ್ಲಜನಕದ ಮಟ್ಟ 90ರ ಆಸುಪಾಸಿಗೆ ಇಳಿಯಬಹುದು. ನೆಲದ ಮೇಲೇ 92 ಇರುವವರ ಗತಿ ಯೋಚಿಸಿ. ಆಮ್ಲಜನಕ ಬೇಕಾದವರು, ಈಚೆಗೆ ಆಸ್ಪತ್ರೆ ಸೇರಿದವರು, ಮಲಗಿಯೇ ಹೋಗಬೇಕಾದವರು ವಿಮಾನ ಕಂಪನಿಯ ಮೆಡಿಫ್ ಫಾರಂ ಅನ್ನು ವೈದ್ಯರಿಂದ ತುಂಬಿಸಿ ಎರಡು ಮೂರು ದಿನ ಮೊದಲೇ ಕೊಟ್ಟು ಒಪ್ಪಿಗೆ ಪಡೆಯಬೇಕು. ಮನೆಯ ಸಿಲಿಂಡರ್ ಒಳಗೆ ಬಿಡುವುದಿಲ್ಲ. ಗಾಳಿಯಿಂದ ಆಮ್ಲಜನಕ ಹಿಡಿದುಕೊಡುವ, ಕಂಪನಿ ಒಪ್ಪುವ ಕೈಯಂತ್ರವಾದರೆ ಪ್ರಯಾಣದ ಅವಧಿಯ ಒಂದೂವರೆ ಪಟ್ಟು ಬ್ಯಾಟರಿ ಬೇಕು.

ಒಳಗಿನ ಒತ್ತಡ ಇಳಿದಾಗ ಮೈಯೊಳಗೆ ಸಿಕ್ಕಿಕೊಂಡ ಗಾಳಿ ಸುಮಾರು ಮೂರರಲ್ಲೊಂದು ಭಾಗ ಹಿಗ್ಗುತ್ತದೆ, ಹೊಲಿಗೆ ಹಸಿಯಿದ್ದರೆ ಅಪಾಯ. ಅದಕ್ಕೇ ಕಾಯಬೇಕಾದ ದಿನಗಳಿವೆ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರದ ಮಾರ್ಗಸೂಚಿಯಂತೆ ಹೊಟ್ಟೆಯ ಸರಳ ಶಸ್ತ್ರಚಿಕಿತ್ಸೆಗೆ 4–5 ದಿನ, ಎದೆಯ, ಬೈಪಾಸ್ ಅಥವಾ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ 10 ದಿನ. ಇದು ತೀರ ಕಡಿಮೆಯ ಗಡುವು, ನಿಮ್ಮ ವೈದ್ಯರು ಹೆಚ್ಚು ಹೇಳಬಹುದು. ವಾಪಸಿನ ಟಿಕೆಟ್ ತಾರೀಖು ಬದಲಿಸಲು ಬರುವಂಥದೇ ತೆಗೆದುಕೊಳ್ಳಿ. ನಾಲ್ಕು ತಾಸು ದಾಟುವ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ, ಕ್ಯಾನ್ಸರ್ ಇದ್ದವರಿಗೆ ಇನ್ನೂ ಹೆಚ್ಚು. ನಡುದಾರಿಯ ಪಕ್ಕದ ಸೀಟು, ಬಿಗಿ ಕಾಲುಚೀಲ, ತಾಸಿಗೊಮ್ಮೆ ಓಡಾಟ.

ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣದಿಂದ 2023ರ ಆಗಸ್ಟ್ 31ರಿಂದ ವಿಮಾನಗಳು ಹಾರುತ್ತಿವೆ, ಆದರೆ ಹೊರದೇಶಕ್ಕಿಲ್ಲ. ಮೋಡ ಕವಿದ ದಿನ ಬೆಂಗಳೂರಿನ ವಿಮಾನ ರದ್ದಾಗಿ, ಬೇರೆ ಟಿಕೆಟ್ಟಿನಲ್ಲಿ ತೆಗೆದ ಮುಂದಿನ ವಿಮಾನ ತಪ್ಪಿದರೆ ಯಾರೂ ಹಣ ಕೊಡರು. ಕಾರಿನಲ್ಲಾದರೂ ಸರಿ, ಒಂದು ದಿನ ಮೊದಲೇ ಬೆಂಗಳೂರು ಸೇರಿ ಮಲಗಿ.

ಔಷಧ, ವರದಿ, ಇನ್ಸುಲಿನ್ ಎಲ್ಲ ಕೈಚೀಲದಲ್ಲಿ, ಚೀಟಿಯ ಜೊತೆ. ಟ್ರಮಡಾಲ್, ಕೋಡೀನ್‌ನಂಥ ನೋವಿನ ಔಷಧಕ್ಕೆ ಯುಎಇ ಮೊದಲೇ ಅನುಮತಿ ಕೇಳುತ್ತದೆ. ನರನೋವಿಗೆ ಇಲ್ಲಿ ಸಲೀಸಾಗಿ ಬರೆಯುವ ಪ್ರಿಗ್ಯಾಬಲಿನ್ ಬ್ರಿಟನ್ನಿನಲ್ಲಿ 2019ರಿಂದ ನಿಯಂತ್ರಿತ ಔಷಧ. ಅಮ್ಮ ಡಬ್ಬಿಗೆ ತುಂಬುವುದನ್ನೂ ನೋಡಿ. ಗಸಗಸೆ ಯುಎಇಯಲ್ಲೂ ಸಿಂಗಾಪುರದಲ್ಲೂ ನಿಷಿದ್ಧ, ದುಬೈಗೆ ವೀಳ್ಯದೆಲೆಯೂ ಒಯ್ಯುವಂತಿಲ್ಲ. ಎಲೆ ಅಡಿಕೆ ಇಲ್ಲದೆ ಇರಲಾರದ ಹಿರಿಯರಿಗೆ ಹೊರಡುವ ತಿಂಗಳ ಮೊದಲೇ ಬಿಡಿಸುವ ಪ್ರಯತ್ನ ಮಾಡಿ.

ಅಲ್ಲಿ, ಮತ್ತೆ ಇಲ್ಲಿ

ಜೊತೆಗೆ ಇಬ್ಬರು ಸಾಕು. ಒಬ್ಬರು ಆಸ್ಪತ್ರೆಗೆ, ಒಬ್ಬರು ಅಡುಗೆ ಮನೆಗೆ, ವಾರಕ್ಕೊಮ್ಮೆ ಅದಲು ಬದಲು. ತೋಟ ನೋಡುವ ಮಗನೇ ಹೊರಡುವುದಾದರೆ ಅಡಿಕೆಗೆ ಕೊಳೆರೋಗ ಬಾರದಂತೆ ಮಾಡುವ ಮುಂಗಾರಿನ ಬೋರ್ಡೊ ಸಿಂಪಡಣೆ ಯಾರದ್ದೆಂದು ಮೊದಲೇ ಗೊತ್ತು ಮಾಡಿ, ಸಾಧ್ಯವಿಲ್ಲದಿದ್ದರೆ ಆ ವರ್ಷದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಡಿ. ಕೊಳೆ ಬಂದು ಫಸಲು ಉದುರಿದರೆ ಆಸ್ಪತ್ರೆಯ ಎರಡನೇ ಕಂತೂ ಅದರ ಜೊತೆ ಉದುರುತ್ತದೆ.

ನಮ್ಮಲ್ಲಿ ವೈದ್ಯರು ಮಗನನ್ನು ಹೊರಗೆ ಕರೆದು ಹೇಳುತ್ತಾರೆ, ಅಪ್ಪನಿಗೆ "ಸಣ್ಣ ಗಡ್ಡೆ" ಎಂದಷ್ಟೇ ಗೊತ್ತಿರುತ್ತದೆ. ಅಮೆರಿಕ, ಬ್ರಿಟನ್‌ನಂಥ ಕಡೆ ವೈದ್ಯರು ನೇರ ರೋಗಿಗೇ ಕ್ಯಾನ್ಸರ್ ಎಂದು, ಎಷ್ಟನೇ ಹಂತವೆಂದು ಹೇಳುತ್ತಾರೆ, ಒಪ್ಪಿಗೆಯನ್ನೂ ಅವರಿಂದಲೇ ಪಡೆಯುತ್ತಾರೆ. ಆ ಮಾತು ಅಪ್ಪನ ಕಿವಿಗೆ ಮೊದಲು ಅನ್ಯ ಭಾಷೆಯಲ್ಲಿ, ಅಪರಿಚಿತರ ಬಾಯಿಂದ ಬೀಳಬಾರದು. ಹೊರಡುವ ಮೊದಲೇ ಮನೆಯಲ್ಲಿ ಹೇಳಿ. ತಾವು ಮಾತಾಡಲಾಗದ ಸ್ಥಿತಿ ಬಂದರೆ ಯಾರ ತೀರ್ಮಾನ, ಯಂತ್ರದ ಮೇಲೆ ಎಷ್ಟು ದಿನ ಎಂಬುದನ್ನೂ ಅವರ ಬಾಯಲ್ಲೇ ಕೇಳಿ ಬರೆಸಿಕೊಳ್ಳಿ. ದಾಖಲಾಗುವ ದಿನ ಕನ್ನಡ ದುಭಾಷಿ ಬೇಕೆಂದು ಬರೆಸಿ. ಅಮೆರಿಕದ ಹೆಚ್ಚಿನ ಆಸ್ಪತ್ರೆಗಳು ಫೋನಿನ ಮೂಲಕವಾದರೂ ಅದನ್ನು ಉಚಿತವಾಗಿ ಒದಗಿಸಬೇಕು. ಮಗ ಅನುವಾದಿಸಿದರೆ ಕಹಿ ಮಾತುಗಳು ದಾರಿಯಲ್ಲೇ ಮೆತ್ತಗಾಗುತ್ತವೆ.

ಅಲ್ಲೇ ಸಾವು ಸಂಭವಿಸಿದರೆ ಏನು ಮಾಡಬೇಕೆಂದು ಒಬ್ಬರಿಗಾದರೂ ಗೊತ್ತಿರಲಿ. ಸ್ಥಳೀಯ ಮರಣ ಪತ್ರ, ದೇಹ ಕೆಡದಂತೆ ಸಂಸ್ಕರಿಸಿದ ಪ್ರಮಾಣಪತ್ರ, ಭಾರತದ ರಾಯಭಾರ ಕಚೇರಿಯ ನಿರಾಕ್ಷೇಪಣೆ, ರದ್ದು ಮಾಡಿದ ಪಾಸ್‌ಪೋರ್ಟ್ ಇಷ್ಟಾದ ಮೇಲೆ ವಿಮಾನದ ಸರಕು ವಿಭಾಗ ಒಪ್ಪುತ್ತದೆ. ಇಲ್ಲಿನ ವಿಮಾನ ನಿಲ್ದಾಣದ ಆರೋಗ್ಯ ಅನುಮತಿಗೆ 2023ರಿಂದ ಇ-ಕೇರ್ ಪೋರ್ಟಲ್ ಇದೆ. ಅಲ್ಲೇ ದಹನ ಮಾಡಿ ಅಸ್ಥಿ ತರುವುದು ಬೇಗ ಆಗುವ ದಾರಿ.

ಚಿಕಿತ್ಸೆ ಮುಗಿದು ಹೊರಡುವಾಗ ಬಿಡುಗಡೆ ಸಾರಾಂಶ, ಸ್ಕ್ಯಾನಿನ ಮೂಲ ಫೈಲು, ಪ್ರಯಾಣಕ್ಕೆ ಯೋಗ್ಯರೆಂಬ ಪತ್ರ, ಕನಿಷ್ಠ ಒಂದು ತಿಂಗಳ ಔಷಧ ಕೈಯಲ್ಲಿರಲಿ. ಆ ಔಷಧಗಳಲ್ಲಿ ಯಾವುದು ಇಲ್ಲಿ ಸಿಗುತ್ತದೆ ಎಂದು ಅಲ್ಲಿರುವಾಗಲೇ ಶಿವಮೊಗ್ಗದ ಔಷಧದಂಗಡಿಗೆ ಫೋನು ಮಾಡಿ ಕೇಳಿ, ಸಿಗದಿದ್ದಕ್ಕೆ 12ಎ ಅರ್ಜಿ ಆಗಲೇ ಹೋಗಬೇಕು. ಕಸಿಯಾದವರಿಗೆ, ಕಸಿ ಮಾಡಿದ ಅಂಗವನ್ನು ಮೈ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಔಷಧದ ಮಟ್ಟ ರಕ್ತದಲ್ಲಿ ಎಷ್ಟಿದೆಯೆಂದು ಆಗಾಗ ನೋಡಬೇಕು. ನಿಮ್ಮೂರಲ್ಲಿ ತೆಗೆದ ರಕ್ತ ಯಾವ ಲ್ಯಾಬಿಗೆ ಹೋಗುತ್ತದೆ, ವರದಿ ಎಷ್ಟು ದಿನಕ್ಕೆ ಬರುತ್ತದೆ, ಜ್ವರ ಬಂದ ರಾತ್ರಿ ಯಾವ ವೈದ್ಯರು ಫೋನು ಎತ್ತುತ್ತಾರೆ ಎಂಬುದನ್ನು ಹೋಗುವ ಮೊದಲೇ ಗೊತ್ತು ಮಾಡಿಕೊಂಡು, ಆ ವೈದ್ಯರ ಇಮೇಲನ್ನು ಅಲ್ಲಿನ ಆಸ್ಪತ್ರೆಯ ಕಡತದಲ್ಲಿ ಬರೆಸಿಟ್ಟು ಬನ್ನಿ.